ಎಡ ಮೊಣಕೈಯ ಯಜಮಾನ

ನಾಲ್ಕು ವರ್ಷಗಳಿಂದ ಹರಿನಾರಾಯಣನ ಮಾನ ಕಳೆಯುತ್ತಿದ್ದದ್ದು ಅವನ ಎಡ ಮೊಣಕೈ. ನೋವೇನೂ ಇರಲಿಲ್ಲ. ಅದು ಅವನದೇ ಎಂದು ಯಾರೂ ನಂಬುತ್ತಿರಲಿಲ್ಲ, ಅಷ್ಟೆ.

೨೦೦೩ರಲ್ಲಿ ಕೊಚ್ಚಿಯ ಕನ್ನಡ ಸಂಘ ತಿರುವನಂತಪುರದಲ್ಲಿ ನಡೆಸಿದ ಸಮಾರಂಭಕ್ಕೆ ದೊಡ್ಡ ರಾಕೆಟ್ ವಿಜ್ಞಾನಿಯೊಬ್ಬರು ಬಂದಿದ್ದರು. ಜಡಿಮಳೆ, ಸಂಘದವರೆಲ್ಲ ಸಭಾಂಗಣದೊಳಗೆ. ವಿಜ್ಞಾನಿ ಕಾರಿನಿಂದಿಳಿಯುವ ಫೋಟೋ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯಿತು. ಅವರ ನಗು ಪೂರ್ತಿ ಬಂದಿತ್ತು. ಎಡ ಅಂಚಿನಲ್ಲಿ, ಬಾಗಿಲ ಸಂದಿನಿಂದ ತೂರಿಸಿದಂತೆ, ಒಂದು ಮೊಣಕೈ.

"ಅದು ನಾನು," ಎಂದು ಹರಿನಾರಾಯಣ ಕಂಡವರಿಗೆಲ್ಲ ಹೇಳಿದ. ಫಲವೆಂದರೆ ಮಗಳು ಅನನ್ಯಳ ಗೆಳತಿಯರು ಅವನನ್ನು ಮಲಯಾಳದಲ್ಲಿ 'ಕೈಮುಟ್ಟ್ ಅಂಕಲ್', ಅಂದರೆ ಮೊಣಕೈ ಅಂಕಲ್, ಎಂದು ಕರೆಯತೊಡಗಿದರು. ಕೊಚ್ಚಿಯ ವಕೀಲರ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಸಾಕ್ಷಿಯಿಲ್ಲದ ಸತ್ಯದ ಗತಿ ಚೆನ್ನಾಗಿ ಗೊತ್ತಿತ್ತು.

ಈ ಭಾನುವಾರ ಸಂಜೆ ಐದಕ್ಕೆ ಸಂಘದ ಬೆಳ್ಳಿಹಬ್ಬದ ಚಿತ್ರಪ್ರದರ್ಶನ. ಮಟ್ಟಾಂಚೇರಿಯಲ್ಲಿ ಕರಿಮೆಣಸಿನ ವ್ಯಾಪಾರ ಮಾಡುವ ಅಧ್ಯಕ್ಷ ರುದ್ರಪ್ಪನವರು ತ್ರಿಪ್ಪುಣಿತ್ತುರದ ಅವನ ಫ್ಲ್ಯಾಟಿಗೆ ಬೆಳಿಗ್ಗೆಯೇ ಬಂದು, ಚಿತ್ರಗಳ ಕೆಳಗೆ ಹಾಕುವ ಬರಹ ಓದಿದರು. "ಮಹಾನ್ ವಿಜ್ಞಾನಿ ಮತ್ತು ಒಂದು ಮೊಣಕೈ."

"ಅದು ನನ್ನದು ಮಾರಾಯ್ರೆ!"

"ಪುರಾವೆ ತೋರಸ್ರಿ, ಹೆಸರು ಹಾಕಸ್ತೀನಿ. ನಾಕಕ್ಕ ಬೋರ್ಡ್ ಅಚ್ಚಿಗೆ ಹೋಗ್ತೈತಿ. ಆಮ್ಯಾಲ ಮೊಣಕೈ ಅಂದ್ರ ಮೊಣಕೈನ."

ಹರಿನಾರಾಯಣ ಅರ್ಧ ದೋಸೆ ಬಿಟ್ಟು ಮಟ್ಟಾಂಚೇರಿಯ ಬಸ್ಸು ಹಿಡಿದ. ಸಂಚಿಕೆ ಅಚ್ಚು ಹಾಕಿದ್ದ ವಿನ್ಸೆಂಟ್ ಕೈಚೆಲ್ಲಿದ. ಫೋಟೋದ ಫಿಲ್ಮನ್ನು ಗೆದ್ದಲು ತಿಂದಿತ್ತು. ಉಳಿದದ್ದು ಸಂಚಿಕೆಯ ಪಿಡಿಎಫ್ ಇದ್ದ ಒಂದು ಸಿಡಿ.

ಅದನ್ನೇ ಹಿಡಿದು, ಹಸಿದ ಹೊಟ್ಟೆಯಲ್ಲಿ ಮೂರು ಗಂಟೆಗೆ ಹಿಂದಿರುಗಿದವನು ಮೂರನೆಯ ಮಹಡಿಯ ಆಯೇಷಾಳ ಬಾಗಿಲು ತಟ್ಟಿದ. ಪುತ್ತೂರಿನ ಹುಡುಗಿ, ಐಟಿ ಪಾರ್ಕಿನಲ್ಲಿ ಕೆಲಸ. ಅವನ ಮನೆಯಲ್ಲಿ ಊಟ ಮುಗಿಸಿದ್ದ ರುದ್ರಪ್ಪ ಹಿಂದೆಯೇ ಬಂದರು. ಹೆಂಡತಿ ಸುಶೀಲ ಬಂದಳು. ಎದುರುಮನೆಯ ರತ್ನ ಬಂದು ಬಾಗಿಲಲ್ಲೇ ನಿಂತಳು. ಅವಳು ಸುಶೀಲ ಇದ್ದಲ್ಲಿಗೆ ಕಾಲಿಡುತ್ತಿರಲಿಲ್ಲ. ಸುಶೀಲಳ ಅಣ್ಣ ಮಸ್ಕತ್‌ನಿಂದ ತಂದ ಕೊಡೆಯನ್ನು ರತ್ನ ಒಯ್ದವಳು ಹಿಂದೆ ಕೊಡಲಿಲ್ಲವೆಂದು ಸುಶೀಲ, ಒಯ್ದೇ ಇಲ್ಲವೆಂದು ರತ್ನ; ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಆಯೇಷಾ ಸಂಚಿಕೆಯ ಪುಟ ತೆರೆದಳು. ಅದೇ ನಗು, ಅದೇ ಮೊಣಕೈ. ಹಿಗ್ಗಿಸಿದಳು. ಮೊಣಕೈ ಚೌಕ ಚೌಕವಾಗಿ ಒಡೆಯಿತು.

"ಇದೇನ್ರೀ, ಮೈಸೂರ್‌ಪಾಕ್ ಆತಲ್ಲ!" ಎಂದರು ರುದ್ರಪ್ಪ.

"ನಿಲ್ಲಿ ಅಂಕಲ್. ಪುಟ ಬೇಕಾ, ಚಿತ್ರ ಬೇಕಾ ಅಂತ ಇದು ಕೇಳ್ತಾ ಉಂಟು. ನಾನು ಪುಟ ಅಂದದ್ದು. ಈಗ ಚಿತ್ರ ಅಂತ ಒತ್ತಿ ನೋಡುವ."

ಒತ್ತಿದಳು. ಅಕ್ಷರ, ಅಂಚು, ಜಾಹೀರಾತಿನ ಚೌಕಟ್ಟು ಎಲ್ಲವನ್ನೂ ಕಳಚಿಟ್ಟು ಚಿತ್ರಗಳಷ್ಟೇ ಹೊರಬಂದು, ಮಿಂದ ಮಕ್ಕಳ ಹಾಗೆ ಸಾಲಾಗಿ ನಿಂತವು. ವಿಜ್ಞಾನಿಯ ಚಿತ್ರ ಪುಸ್ತಕದಲ್ಲಿದ್ದದ್ದಕ್ಕಿಂತ ಎರಡು ಪಟ್ಟು ಅಗಲವಾಗಿತ್ತು.

"ಅಂಕಲ್, ಅಚ್ಚಿನವರು ಇದನ್ನು ಕತ್ತರಿಸಲೇ ಇಲ್ಲ. ಬದಿಯನ್ನು ಮುಚ್ಚಿಟ್ಟದ್ದು ಮಾತ್ರ. ಇಡೀ ಚಿತ್ರ ಒಳಗೇ ಉಂಟು."

"ನಾಲ್ಕು ವರ್ಷದಿಂದಲಾ?"

"ನಾಲ್ಕು ವರ್ಷದಿಂದ."

ಹರಿನಾರಾಯಣ ತನಗರಿವಿಲ್ಲದೆ ಕೈಮುಗಿದ. ಜನ ನಕ್ಕಾಗ, ತಾನೇ ತನ್ನನ್ನು ಅನುಮಾನಿಸಿದಾಗ, ಗೆದ್ದಲು ಫಿಲ್ಮು ಮೇಯುತ್ತಿದ್ದಾಗ, ಇನ್ನೊಬ್ಬ ಹರಿನಾರಾಯಣ ಒಂದು ಸಿಡಿ ತಟ್ಟೆಯ ಕತ್ತಲಲ್ಲಿ, ಅದೇ ಮಳೆಯಲ್ಲಿ, ಆ ಮಹಾನುಭಾವರ ಪಕ್ಕ ಅಲುಗದೆ ನಿಂತಿದ್ದ.

ಆಯೇಷಾ ಚಿತ್ರವನ್ನು ಹಿಗ್ಗಿಸಿ ಮೆಲ್ಲಗೆ ಸರಿಸಿದಳು. ಮೊಣಕೈಗೆ ತೋಳು ಬಂತು. ತೋಳಿಗೆ ಭುಜ. ಒದ್ದೆ ಅಂಗಿ, ಅದರೊಳಗೊಂದು ಸಾಧುವಾದ ಹೊಟ್ಟೆ. ರತ್ನ ಬಾಗಿಲು ಬಿಟ್ಟು ಒಳಗೆ ಬಂದವಳು, ಜಗಳ ಮರೆತು ಸುಶೀಲಳ ಕೈ ಹಿಡಿದುಕೊಂಡಳು. ಕುತ್ತಿಗೆ ಬಂತು. ಇನ್ನು ಮುಖ.

ಮುಖದ ಜಾಗದಲ್ಲಿ ಕೊಡೆ ಇತ್ತು. ಬಿಚ್ಚುವಾಗ ಗಾಳಿಗೆ ವಾಲಿದ ಕೊಡೆ, ಹಣೆಯಿಂದ ಗಲ್ಲದವರೆಗೆ ಎಲ್ಲವನ್ನೂ ಮುಚ್ಚಿತ್ತು.

ರುದ್ರಪ್ಪ ಹೊಟ್ಟೆ ಹಿಡಿದು ನಕ್ಕರು. "ಮೊಣಕೈಗೆ ಹೊಟ್ಟಿ ಬಂತು, ಮಾರಿ ಬರಲಿಲ್ಲ! ಇದು ಯಾರರ ಇರಬಹುದಲ್ರೀ?"

"ಆ ವಾಚು ನೋಡಿ, ನನ್ನದೇ!"

"ಅಂಥಾ ವಾಚು ಊರ ಮಂದಿಗೆಲ್ಲಾ ಐತಿ. ನಾಕಕ್ಕ ಐದ್ ನಿಮಿಷ ಅದಾವು."

ಹರಿನಾರಾಯಣನೊಳಗಿನ ಗುಮಾಸ್ತ ಸಿಡಿದೆದ್ದ. "ಹಾಗಾದ್ರೆ ಆ ಕೊಡೆ ನೋಡಿ! ನೇರಳೆ ಬಟ್ಟೆ, ಬಿಳಿ ನವಿಲು, ಬಾತುಕೋಳಿ ತಲೆಯ ಹಿಡಿ! ಇಡೀ ಕೇರಳದಲ್ಲಿ ಇಂಥದ್ದು ಇನ್ನೊಂದು ಉಂಟಾ? ನನ್ನ ಭಾವ ಮಸ್ಕತ್‌ನಿಂದ ತಂದದ್ದು! ಅಂಥ ದೊಡ್ಡ ಮನುಷ್ಯರು ಸಮಾರಂಭ ಮುಗಿದ ಮೇಲೆ ಅದನ್ನೇ ಹಿಡಿದುಕೊಂಡು ಕಾರು ಹತ್ತಿ ಹೋದರು. ಹಿಂದೆ ಕೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ!"

ತಾನು ಹೇಳಿದ್ದು ಅವನಿಗೇ ಆಮೇಲೆ ಕೇಳಿಸಿತು.

"ಸಾಬೀತಾತು," ಎಂದು ರುದ್ರಪ್ಪ ಪೆನ್ನು ತೆಗೆದರು.

"ಇಂಥ ಕೊಡೆ ಇನ್ನೊಂದು ಇಲ್ಲ," ಎಂದಳು ಸುಶೀಲ ನಿಧಾನವಾಗಿ. "ರತ್ನ ಕೇಳಿದಳು, ಕೊಟ್ಟೆ ಅಂತ ನನಗೆ ಹೇಳಿದ್ದು ಯಾರು?"

"ನಾಲ್ಕು ಓಣಂ ಆಯ್ತು ಸುಶೀಲಕ್ಕ," ಎಂದಳು ರತ್ನ. "ನಿಮ್ಮಲ್ಲಿಂದ ಒಂದು ಲೋಟ ಪಾಯಸ ಬರ್ಲಿಲ್ಲ."

ಇಬ್ಬರೂ ಕೈ ಬಿಟ್ಟಿರಲಿಲ್ಲ. ಹರಿನಾರಾಯಣ ಸಹಾಯಕ್ಕಾಗಿ ಪರದೆ ನೋಡಿದ. ವಿಜ್ಞಾನಿ ನಗುತ್ತಲೇ ಇದ್ದರು.

"ಅಧ್ಯಕ್ಷರೇ," ಅವನ ಧ್ವನಿ ಬಾವಿಯಿಂದ ಬಂತು, "ಪೆನ್ನು ಮುಚ್ಚಿ. ಮುಖವೇ ಕಾಣದೆ ಹೇಗೆ ಹೇಳುವುದು? ಮೊಣಕೈ ಯಾರದ್ದೂ ಇರಬಹುದು."

ಪೆನ್ನನ್ನು ಸುಶೀಲ ತೆಗೆದುಕೊಂಡಳು. ರತ್ನ ಹೇಳಿದಳು, ಅವಳು ಬರೆದಳು.

ಐದು ಗಂಟೆಗೆ ಇಡೀ ಸಂಘ ಆ ಚಿತ್ರದ ಮುಂದೆ ಬೆರಗಾಗಿ ನಿಂತಿತ್ತು. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: 'ಮಹಾನ್ ವಿಜ್ಞಾನಿ ಮತ್ತು ಶ್ರೀಮತಿ ಸುಶೀಲ ಅವರ ಕೊಡೆ. ಕೊಡೆ ಹಿಡಿದವರ ಗುರುತು ಸಿಕ್ಕಿಲ್ಲ.'