ಒಂಬತ್ತನೇ ಸೂಚನೆಯ ಕೆಂಪು ಬಟ್ಟೆ

ಊರಿನವರಿಗೆಲ್ಲ ಚಳಿಗಾಲ ಒಂದೇ. ಗುಮಾಸ್ತರ ಹೆಂಡತಿಗೆ ಮಾತ್ರ ಎರಡು: ಒಂದು ಆಕಾಶದಿಂದ ಇಳಿಯುವುದು, ಇನ್ನೊಂದು ಗಂಡನ ಲೇಖನಿಯಿಂದ. ಗ್ರಾಮಸಭೆಯ ಪರವಾಗಿ ಗುಮಾಸ್ತರು ಬರೆದ ‘ಚಳಿಗಾಲದ ಸುರಕ್ಷತಾ ಸೂಚನೆಗಳು’ ಒಟ್ಟು ಹದಿಮೂರು. ದಿನವೂ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಅವರೇ ಓದುತ್ತಿದ್ದರು. ಊರಿನವರು ಕಿವಿಗೆ ಮಫ್ಲರ್ ಸುತ್ತಿ ಪಾರಾಗುತ್ತಿದ್ದರು. ಹೆಂಡತಿಗೆ ಆ ಭಾಗ್ಯವೂ ಇರಲಿಲ್ಲ. ಪ್ರತಿಯೊಂದು ಸೂಚನೆಯೂ ಮೊದಲು ಜಾರಿಗೆ ಬರುತ್ತಿದ್ದದ್ದು ಆಕೆಯ ಮನೆಯಲ್ಲಿ. ಕೊಳವೆ ಹೆಪ್ಪುಗಟ್ಟಬಾರದೆಂದು (ಸೂಚನೆ ಐದು) ನಲ್ಲಿ ಸದಾ ತೊಟ್ಟಿಕ್ಕುತ್ತಿತ್ತು. ಒಲೆಯ ಹೊಗೆ ಕಟ್ಟಿಕೊಳ್ಳಬಾರದೆಂದು (ಸೂಚನೆ ಎರಡು) ಕಿಟಕಿ ಎರಡು ಬೆರಳಷ್ಟು ತೆರೆದೇ ಇರುತ್ತಿತ್ತು, ಸರಿಯಾಗಿ ಆಕೆಯ ದಿಂಬಿನ ಮೇಲೆ.

“ರೀ, ಆ ಎರಡು ಬೆರಳು ಯಾರದು? ರಾಕ್ಷಸನದಾ?”

“ಸಭೇಲಿ ಅಂಗೀಕಾರ ಆಗಿದೆ ಕಣೇ.”

“ನನ್ನ ಬೆನ್ನುನೋವು ಯಾವ ಸಭೇಲಿ ಅಂಗೀಕಾರ ಆಗ್ಬೇಕು?”

ಬೈಯುತ್ತಿದ್ದಳು, ಆದರೆ ಕಿಟಕಿ ಮುಚ್ಚುತ್ತಿರಲಿಲ್ಲ. ಹೋದ ಚಳಿಗಾಲದಲ್ಲಿ ಗುಮಾಸ್ತರ ಗೆಳೆಯ, ಗಡಿಯಾರ ರಿಪೇರಿಯವನು, ಕೆಂಡದ ಅಗ್ಗಿಷ್ಟಿಕೆ ಪಕ್ಕದಲ್ಲಿಟ್ಟುಕೊಂಡು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ಮಲಗಿದವನು ಏಳಲಿಲ್ಲ. ಒಂಟಿ ಮನುಷ್ಯ; ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಸಂಜೆ ಚದುರಂಗಕ್ಕೆ ಬರುತ್ತಿದ್ದವನು ಎರಡು ಸಂಜೆ ಬರದಿದ್ದರೂ ಗುಮಾಸ್ತರು ಹೋಗಿ ನೋಡಿರಲಿಲ್ಲ. ಹಿಂದಿನ ಆಟದಲ್ಲಿ ಒಂದು ಕುದುರೆಯ ನಡೆಗೆ ಜಗಳವಾಗಿತ್ತು. ಕೋಪ ಇಳಿದರೆ ತಾನೇ ಬರುತ್ತಾನೆ ಎಂದು ಬಿಗುಮಾನದಿಂದ ಕೂತಿದ್ದರು. ಮನೆಯಲ್ಲಿ ಅವನು ಚದುರಂಗಕ್ಕೆ ಕೂರುತ್ತಿದ್ದ ಕುರ್ಚಿಯಲ್ಲಿ ಅಂದಿನಿಂದ ಯಾರೂ ಕೂರುವಂತಿರಲಿಲ್ಲ.

ಒಂಬತ್ತನೇ ಸೂಚನೆ ಹುಟ್ಟಿದ್ದು ಹಾಗೆ. ಒಂಟಿಯಾಗಿರುವವರು ಬೆಳಿಗ್ಗೆ ಎಂಟರೊಳಗೆ ಬೀದಿಯ ಕಿಟಕಿಗೆ ಕೆಂಪು ಬಟ್ಟೆ ತೂಗುಹಾಕತಕ್ಕದ್ದು. ಕಾಣದಿದ್ದರೆ ಕಾಲು ಗಂಟೆ ಕಾಯತಕ್ಕದ್ದು, ಮೂರು ಸಲ ಬಾಗಿಲು ಬಡಿಯತಕ್ಕದ್ದು, ಉತ್ತರವಿಲ್ಲದಿದ್ದರೆ ಒಡೆಯತಕ್ಕದ್ದು. ಸುಮ್ಮಸುಮ್ಮನೆ ಒಡೆಯುವವರಿಗೆ ಬುದ್ಧಿ ಬರಲೆಂದು ಹತ್ತನೆಯದನ್ನೂ ಸೇರಿಸಿದ್ದರು: ಒಡೆದವರು, ಬಾಗಿಲು ಸರಿಹೋಗುವ ತನಕ, ಆ ಮನೆಯವರನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಸಾಕತಕ್ಕದ್ದು.

ಅಂಥ ಒಂಟಿ ಮನೆಗಳು ಊರಿನಲ್ಲಿ ನಾಲ್ಕು, ನಾಲ್ಕೂ ಸಭೆಯ ಕಚೇರಿಯ ಕಿಟಕಿಗೆ ಕಾಣುವಂಥವು. ಕಚೇರಿಗೆ ಎದುರಾಗಿದ್ದದ್ದು ಹೊಲಿಗೆ ಅಜ್ಜಿಯದು. ವಯಸ್ಸು ಎಪ್ಪತ್ತೆಂಟು. ಸೂಜಿಗೆ ದಾರ ಪೋಣಿಸಲು ಆಕೆಗೆ ಕನ್ನಡಕ ಬೇಡ, ಮಾತಿನಲ್ಲಿ ಚುಚ್ಚಲು ಸೂಜಿ ಬೇಡ.

ಆ ಮಂಗಳವಾರ ಬೀದಿಯೆಲ್ಲ ಗಾಜು ಹಾಸಿದಂತೆ ಹೆಪ್ಪುಗಟ್ಟಿತ್ತು. ಏಳಕ್ಕೇ ಹೊರಟ ಗುಮಾಸ್ತರನ್ನು ಹೆಂಡತಿ ತಡೆದಳು.

“ನಿನ್ನೆ ಸಂಜೆಯಿಂದ ಟೋಪಿ ಒಳಗೆ ಅದೇನ್ರೀ ಕಟ್ಕೊಂಡಿದ್ದೀರಿ?”

“ಕಿವಿ ಬೆಚ್ಚಗಿದೆ, ಬಿಡೇ. ತಡ ಆಗ್ತಿದೆ.”

ಕಚೇರಿಯಲ್ಲಿ ಧ್ವನಿವರ್ಧಕ ಹಿಡಿದು ಸಭೆಯ ಸುದ್ದಿ ಓದಿದರು: ರಸ್ತೆಗೆ ಹಾಕುವ ಮರಳಿನ ಲಾರಿಯನ್ನು ಗುರುವಾರಕ್ಕೆ ಮುಂದೂಡಲಾಗಿದೆ. ಕೆಳಗಿನ ಬೀದಿಗೆ ನೀರು ಹನ್ನೊಂದಕ್ಕೆ. ಜಾರುವ ನೆಲದ ಮೇಲೆ ಓಡಬೇಡಿ, ಬಾತುಕೋಳಿಯ ಹಾಗೆ ಹೆಜ್ಜೆ ಇಡಿ (ಸೂಚನೆ ಏಳು). ಮುಂಬಾಗಿಲ ಮೆಟ್ಟಿಲು ಹೆಪ್ಪುಗಟ್ಟಿದ್ದರೆ ಹಿತ್ತಿಲ ಬಾಗಿಲು ಬಳಸಿ (ಸೂಚನೆ ನಾಲ್ಕು). ಓದಿ ಮುಗಿಸಿ ಕಿಟಕಿಗೆ ಬಂದರು. ಗೆಳೆಯ ರಿಪೇರಿ ಮಾಡಿಕೊಟ್ಟಿದ್ದ ಗೋಡೆಯ ಗಡಿಯಾರ ಎಂಟು ಹೊಡೆಯಿತು.

ಮೂರು ಕಿಟಕಿಯಲ್ಲಿ ಕೆಂಪು. ಅಜ್ಜಿಯ ಕಿಟಕಿ ಖಾಲಿ.

ಕಾಲು ಗಂಟೆ ಕಾಯತಕ್ಕದ್ದು. ಯಾವ ಪುಣ್ಯಾತ್ಮ ಬರೆದ ಈ ಕಾಲು ಗಂಟೆಯನ್ನು? ಆ ಮನೆಯ ಹೊಗೆಕೊಳವೆಯಿಂದ ಹೊಗೆಯೂ ಬರುತ್ತಿರಲಿಲ್ಲ. ಎಂಟು ನಾಲ್ಕು. ಎಂಟು ಏಳು. ಹೋದ ವರ್ಷ ಹೀಗೇ ಕಾದಿದ್ದೆನಲ್ಲ, ಎರಡು ದಿನ. ಎಂಟು ಒಂಬತ್ತಕ್ಕೆ ಗುಮಾಸ್ತರು ಒಂಬತ್ತನೇ ಸೂಚನೆಯನ್ನು ಉಲ್ಲಂಘಿಸಿ ಹೊರಬಿದ್ದರು, ಏಳನೆಯದನ್ನು ಉಲ್ಲಂಘಿಸಿ ಓಡಿದರು, ಮತ್ತು ಬೀದಿ ದಾಟುವುದರೊಳಗೆ ಮೂರು ಸಲ ಬಿದ್ದರು.

“ಅಜ್ಜೀ! ಅಜ್ಜೀ!”

ಮೂರು ಸಲವಲ್ಲ, ಮೂವತ್ತು ಸಲ ಬಡಿದರು. ಒಳಗಿನಿಂದ ಚಿಲಕ ಹಾಕಿತ್ತು. ಸದ್ದು ಕೇಳಿ ಪಕ್ಕದ ಮನೆಯ ಬಡಗಿ ಹಾರೆ ಹಿಡಿದು ಬಂದ.

“ಗುಮಾಸ್ತರೇ, ಹಿತ್ತಿಲ ಕಡೆ ಒಂದ್ಸಲ ನೋಡೋಣ್ವಾ?”

“ಮಾತಾಡೋ ಹೊತ್ತೇನಯ್ಯಾ ಇದು? ಕೊಡು ಇಲ್ಲಿ!”

ಹಾರೆ ಕಸಿದುಕೊಂಡು ಮೀಟಿದರು. ಬಾಗಿಲಿನ ಜೊತೆಗೆ ಅರ್ಧ ಚೌಕಟ್ಟೂ ಕಿತ್ತುಬಂತು. ಒಳಗೆ ಕತ್ತಲು, ಆರಿದ ಅಗ್ಗಿಷ್ಟಿಕೆ, ಮಂಚದ ಮೇಲೆ ತಲೆತನಕ ಹೊದ್ದಂತಿದ್ದ ಕಂಬಳಿಗಳ ಒಂದು ಗುಡ್ಡೆ. ಅಲುಗಾಟವಿಲ್ಲ.

ಮುಟ್ಟಿ ನೋಡಲು ಗುಮಾಸ್ತರಿಗೆ ಕೈ ಬರಲಿಲ್ಲ. ಮೆಲ್ಲಗೆ ಟೋಪಿ ತೆಗೆದು ಎದೆಗೆ ಹಿಡಿದರು. “ಕ್ಷಮಿಸಿ ಅಜ್ಜಿ,” ಎಂದರು. “ಈ ಸಲವೂ ತಡವಾಗಿ ಬಂದೆ.”

ಬಡಗಿ ಅವರ ತಲೆಯತ್ತ ಬೆರಳು ತೋರಿಸಿದ. “ಗುಮಾಸ್ತರೇ… ನಿಮ್ಮ ತಲೆ ಮೇಲಿರೋದು ಕೆಂಪು ಬಟ್ಟೆ ಅಲ್ವಾ?”

“ಅದೇ ಕಣೋ, ನನ್ನದೇ!” ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ಬಾಗಿಲಿದ್ದ ಜಾಗದಲ್ಲಿ ಹೊಲಿಗೆ ಅಜ್ಜಿ, ಪಕ್ಕದಲ್ಲಿ ಗುಮಾಸ್ತರ ಹೆಂಡತಿ. “ನಿನ್ನೆ ತಪಾಸಣೆಗೆ ಬಂದಾಗ ಕಿವಿ ಮರಗಟ್ಟಿಹೋಗ್ತಿದೆ ಅಂದ ಅಂತ ನಾನೇ ಬಿಚ್ಚಿ ಕಟ್ಟಿ ಕಳಿಸಿದ್ದೆ. ಬೆಳಿಗ್ಗೆ ತಂದ್ಕೊಡು ಅಂದಿದ್ದೆ. ತರಲಿಲ್ಲ. ಇಸ್ಕೊಂಡು ಬರೋಣ ಅಂತ ಇವನ ಮನೆಗೇ ಹೋದೆ, ಹಿತ್ತಿಲ ಬಾಗಿಲಿಂದ. ಅದೂ ಇವನೇ ಹೇಳಿದ್ದು, ನಾಲ್ಕನೇದೋ ಐದನೇದೋ.”

“ನಾಲ್ಕನೇದು,” ಎಂದಳು ಹೆಂಡತಿ. ಆಕೆಗೆ ಎಲ್ಲವೂ ಬಾಯಿಪಾಠ.

“ಹಾಗಾದ್ರೆ… ಆ ಕಂಬಳಿ?” ಎಂದರು ಗುಮಾಸ್ತರು.

“ಕಂಬಳಿ ಕಂಬಳೀನೇ ಕಣಪ್ಪಾ. ಮಡಚೋಕೆ ನಾನು ಮನೇಲಿ ಇರ್ಬೇಕಲ್ಲ?”

ಗುಮಾಸ್ತರು ನಗಲು ಹೋದರು, ಬಂದದ್ದು ಬೇರೆ. ಟೋಪಿಯಿಂದ ಮುಖ ಮುಚ್ಚಿಕೊಂಡು ಮಂಚದ ಅಂಚಿಗೆ ಕೂತುಬಿಟ್ಟರು. ಹೆಂಡತಿ ಬೈಯದೆ ಅವರ ಬೆನ್ನು ಸವರಿದಳು. (ಮದುವೆಯಾದ ಮೇಲೆ ಇದು ಎರಡನೇ ಸಲ; ಮೊದಲನೆಯದು ಗೆಳೆಯ ಹೋದಾಗ.)

ಅಷ್ಟರಲ್ಲಿ ಬಡಗಿ ಚೌಕಟ್ಟನ್ನು ಪರೀಕ್ಷಿಸಿ ತೀರ್ಪು ಕೊಟ್ಟ. “ಮರ ಸೀಳಿದೆ. ಹೊಸದು ಈ ಚಳೀಲಿ ಒಣಗೋ ಮಾತೇ ಇಲ್ಲ. ಎರಡು ತಿಂಗಳು.”

“ಹತ್ತನೇ ಸೂಚನೆ,” ಎಂದಳು ಹೆಂಡತಿ, ಎಂದಿನ ದನಿಯಲ್ಲಿ. “ನಡೀರಿ ಅಜ್ಜಿ. ಹೊಲಿಗೆ ಯಂತ್ರ ಇವರು ಹೊತ್ಕೊಂಡು ಬರ್ತಾರೆ.”

ಸಂಜೆ ಅಜ್ಜಿ ಗುಮಾಸ್ತರ ಮನೆಯನ್ನೆಲ್ಲ ಒಂದು ಸುತ್ತು ನೋಡಿ, ನೇರವಾಗಿ ಹೋಗಿ ಆ ಚದುರಂಗದ ಕುರ್ಚಿಯ ಮುಂದೆ ನಿಂತಳು.

“ಅಜ್ಜಿ, ಅದು…”

“ಗೊತ್ತಪ್ಪಾ ಯಾರದು ಅಂತ. ಅವನ ಕೋಟಿನ ಗುಂಡಿ ಹೊಲೀತಿದ್ದವಳು ನಾನೇ. ‘ಸೋತ್ರೆ ಗುಮಾಸ್ತ ಊಟ ಬಿಡ್ತಾನೆ ಅಜ್ಜಿ, ಅದಕ್ಕೇ ವಾರಕ್ಕೆ ಮೂರು ಸಲ ಬೇಕೂಂತ ಸೋಲ್ತೀನಿ’ ಅಂತಿದ್ದ.”

ಗುಮಾಸ್ತರು ಇಪ್ಪತ್ತೆರಡು ವರ್ಷದ ತಮ್ಮ ಗೆಲುವುಗಳನ್ನು ಒಂದೊಂದಾಗಿ ನೆನೆದರು. ಬಹಳ ಹೊತ್ತು ಹಿಡಿಯಿತು.

“ಕೂತ್ಕೊಳ್ಳಿ ಅಜ್ಜಿ,” ಎಂದರು ಕೊನೆಗೆ.

ಮರುದಿನ ಬೆಳಿಗ್ಗೆ ಸಭೆಯ ಅಧ್ಯಕ್ಷರು ಕಳಿಸಿದ ಹೊಸ ಸುದ್ದಿಯ ಚೀಟಿಯನ್ನು ಗುಮಾಸ್ತರು ಎಂದಿನಂತೆ ಮೊದಲು ನೋಡಿಕೊಳ್ಳದೆಯೇ ಓದತೊಡಗಿದರು: “ಲಾರಿ ಗುರುವಾರ ಖಂಡಿತ ಬರುತ್ತದೆ. ಒಂಬತ್ತನೇ ಸೂಚನೆಯಂತೆ ದಿನವೂ ವಿಚಾರಿಸಿಕೊಳ್ಳಬೇಕಾದವರ ಪಟ್ಟಿಯಿಂದ ಹೊಲಿಗೆ ಅಜ್ಜಿಯನ್ನು ಕೈಬಿಡಲಾಗಿದೆ. ಅವರ ಜಾಗಕ್ಕೆ ಸೇರಿಸಲಾದವರು, ಪತ್ನಿಯ ಅರ್ಜಿಯ ಮೇರೆಗೆ, ಸಭೆಯ… ಗುಮಾಸ್ತರು.”

ಬೀದಿಯುದ್ದಕ್ಕೂ ಜನ ಮಫ್ಲರ್ ಸಡಿಲಿಸಿ ಕಿವಿಗೊಟ್ಟರು. ಗಡಿಯಾರದಲ್ಲಿ ಎಂಟಕ್ಕೆ ಎರಡು ನಿಮಿಷವಿತ್ತು. ಗುಮಾಸ್ತರು ಟೋಪಿ ತೆಗೆದು, ಬೆಳಿಗ್ಗೆ ಅಜ್ಜಿ ಮತ್ತೆ ಬಿಗಿದು ಕಟ್ಟಿದ್ದ ಕೆಂಪು ಬಟ್ಟೆಯನ್ನು ಬಿಚ್ಚಿ, ಕಚೇರಿಯ ಕಿಟಕಿಗೆ ತೂಗುಹಾಕಿ, ಮರಗಟ್ಟುತ್ತಿದ್ದ ಕಿವಿಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತರು.