ಹಮೀದ್ ಬ್ಯಾರಿಗಳ ಇಮೇಲ್ ಕೆಳಗೆ ನನ್ನ ಹೆಸರು

೧೯೯೨ರಲ್ಲಿ ಎಂಟನೇ ತರಗತಿಗೆ ನಾನು ಶಾಲೆ ಬಿಟ್ಟೆ. ಹಾಗೆಂದು ಕಲಿಯುವುದನ್ನು ಬಿಟ್ಟವನಲ್ಲ! ಪುತ್ತೂರು, ಸುಳ್ಯ, ಕಡಬದ ಜೇನು ಸಾಕುವವರಿಗೆಲ್ಲ ಇಮೇಲ್ ಬಳಗ ಕಟ್ಟಿದವನು ನಾನೇ. ಬಳಗದ ವಿಳಾಸಕ್ಕೆ ಒಬ್ಬರು ಬರೆದರೆ ನಲವತ್ತು ಸದಸ್ಯರಿಗೂ ಹೋಗುತ್ತದೆ. ನನ್ನ ಜೇನುಪೆಟ್ಟಿಗೆಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ನನ್ನ ಹೆಸರಿದೆ. ಅದೇ ಪ್ರಕಾರ ಬಳಗದ ಪ್ರತಿ ಪತ್ರದ ಅಡಿಯಲ್ಲೂ ತಾನಾಗಿ ಬೀಳುವ ಸಾಲೊಂದನ್ನು ಜೋಡಿಸಿದೆ: "ಸ್ಥಾಪಕರು ಮತ್ತು ನಿರ್ವಾಹಕರು, ಶೇಷಪ್ಪ ಗೌಡ, ಪೆರಾಬೆ."

ಆ ಭಾನುವಾರ ನಮ್ಮ ಮನೆಯಲ್ಲಿ ಬಳಗದ ಮೊದಲ ಸಭೆ. ಆಮಂತ್ರಣ ಕಳಿಸಿದ್ದು ಪುತ್ತೂರಿನ ಜೇನು ವ್ಯಾಪಾರಿ ಹಮೀದ್ ಬ್ಯಾರಿಗಳು, ತಮ್ಮ ಅಂಗಡಿಯ ಇಮೇಲಿನಿಂದ ಬಳಗದ ವಿಳಾಸಕ್ಕೆ. ನನ್ನ ಹೆಂಡತಿ ಲಲಿತಾ ಬೆಳಿಗ್ಗೆಯೇ ಎದ್ದು ಹಲಸಿನೆಲೆಯಲ್ಲಿ ಎಂಬತ್ತು ಕಡುಬು ಬೇಯಿಸಿದಳು. ಹತ್ತು ಗಂಟೆಗೆ ಹಮೀದ್ ಬ್ಯಾರಿಗಳು ಬಂದರು. ಹನ್ನೆರಡಕ್ಕೂ ಅವರೊಬ್ಬರೇ!

"ಬಾಕಿಯವರೆಲ್ಲಿ ಗೌಡ್ರೆ?"

"ಬರ್ತಾರೆ. ಇಂಗ್ಲಿಷಿನಲ್ಲಿ ಮೂವತ್ತೆಂಟು ಉತ್ತರ ಉಂಟು. ಒಪ್ಪಿಗೆಯೇ ಇರ್ಬೇಕು," ಎಂದು ಮೊಬೈಲ್ ಕೊಟ್ಟೆ.

ಅವರು ಓದಿ ತಲೆಗೆ ಕೈಯಿಟ್ಟರು. "ಎಂತ ಒಪ್ಪಿಗೆ ಮಾರಾಯ್ರೆ! ಪತ್ರ ವಾಪಸ್ ಬಂದದ್ದು ಇದು. ನಮ್ಮ ಅಂಗಡಿ ಹೆಸರಲ್ಲಿ ಯಾರೋ ಸುಳ್ಳು ಬಿಲ್ ಕಳಿಸ್ತಿದ್ರು. ಅದಕ್ಕೆ ನಮ್ಮ ಇಮೇಲಿಗೆ ಒಂದು ಡಿಜಿಟಲ್ ಮೊಹರು ಮಾಡಿಸಿದ್ದು. ಮೊಹರು ಒಡೆದದ್ದು ಬಂದ್ರೆ ತೆಗೊಳ್ಬೇಡಿ ಅಂತ ಇಮೇಲ್ ಕಂಪನಿಗಳಿಗೆಲ್ಲ ಹೇಳಿಟ್ಟಿದ್ದೇವೆ. ದಾರಿಯಲ್ಲಿ ಒಂದಕ್ಷರ ಸೇರಿಸಿದ್ರೂ ಒಡೀತದೆ. ನೀವು ಎಂತ ಸೇರಿಸಿದ್ದು?"

ಅಡುಗೆಮನೆ ಮಾತಾಡಿತು: "ಮತ್ತೆಂತ, ಅವರ ಹೆಸರು!"

ಆ ಸಾಲನ್ನು ಅಳಿಸಿದರೆ ಮುಗಿಯುತ್ತಿತ್ತು. ಅಳಿಸುವುದೇ? ನಾನೇ? ಮೂರು ದಿನ ಕೂತು ಬೇರೆ ದಾರಿ ಹುಡುಕಿದೆ. ಯಾರೇ ಬರೆಯಲಿ, ಕಳಿಸಿದವರ ಜಾಗದಲ್ಲಿ ಬಳಗದ ವಿಳಾಸವೇ ಬರುವಂತೆ, ಮೊಹರೂ ಬಳಗದ್ದೇ ಬೀಳುವಂತೆ ಮಾಡಿದೆ. ಪತ್ರಗಳು ಸಲೀಸಾಗಿ ಹೋದವು. ಹೆಸರೂ ಉಳಿಯಿತು. ಎಂಟನೇ ತರಗತಿ ಧಾರಾಳ ಸಾಕು!

ಹಮೀದ್ ಬ್ಯಾರಿಗಳು ಬಳಗಕ್ಕೆ ಬರೆದರು: "ಗೌಡ್ರ ಮನೆಯ ಕಡುಬು ಬಹಳ ರುಚಿಯಾಗಿತ್ತು."

ಅವರೊಬ್ಬರಿಗೇ ಎಂದುಕೊಂಡು ನಾನು ಉತ್ತರಿಸಿದೆ: "ನಿಮ್ಮದು ದೊಡ್ಡ ಮನಸ್ಸು. ಕಡುಬು ಕಲ್ಲಿನ ಹಾಗಿತ್ತು."

ಕಳಿಸಿದವರ ಜಾಗದಲ್ಲಿ ಈಗ ಬಳಗದ ವಿಳಾಸವಿದೆ, ಉತ್ತರ ಎಲ್ಲರಿಗೂ ಹೋಗುತ್ತದೆ ಎಂಬುದು ಹೊಳೆಯಲೇ ಇಲ್ಲ. ನಲವತ್ತು ಮಂದಿಗೂ ತಲುಪಿತು. ಒಂದೂ ವಾಪಸ್ ಬರಲಿಲ್ಲ! ನಲವತ್ತನೆಯ ಸದಸ್ಯೆ ಲಲಿತಾ.

ಅವಳು ಮೊಬೈಲನ್ನು ನನ್ನ ಮುಂದಿಟ್ಟು ಹೇಳಿದಳು: "ಕೆಳಗೆ ನಿಮ್ಮ ಹೆಸರು ಚಂದ ಕಾಣ್ತದೆ."

ಈಗ ನನ್ನಲ್ಲಿರುವುದು ಇಷ್ಟು: ಜೇನುಪೆಟ್ಟಿಗೆ ಇಪ್ಪತ್ತಾರು, ಬಳಗದ ಸದಸ್ಯರು ಮೂವತ್ತೊಂಬತ್ತು, ಅಡುಗೆ ಮಾಡುವವನು ಒಬ್ಬ. ನಾನೇ.