ಯಾರನ್ನೂ ನಂಬದ ಎಣ್ಣೆ ಮಿಲ್ಲು

ಕಂಪ್ಯೂಟರುಗಳಿಗೆ ಅನುಮಾನ ಪಡುವುದನ್ನು ಕಲಿಸುವುದು ನನ್ನ ಕಸುಬು. ಅವೇನೋ ಬೇಗ ಕಲಿಯುತ್ತವೆ, ಫಜೀತಿಯೆಲ್ಲ ಮುಂದೆ ಕೂರುವವರದು. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಒಂದು ಕಂಪ್ಯೂಟರಿಗೆ ಹೊಕ್ಕ ವೈರಸ್ಸು ಸಂಜೆಯೊಳಗೆ ಎಲ್ಲವನ್ನೂ ಕೆಡಿಸಿತ್ತು. ಮಾಲೀಕರು ನನ್ನನ್ನು ಕರೆಸಿದರು.

"ಬಂದೋಬಸ್ತು ಮಾಡ್ರಿ. ಶುಕ್ರವಾರ ನಾನೇ ಕರೆಸಿರೋ ಹೊರಗಿನೋನೊಬ್ಬ ಕಳ್ಳನಂಗೆ ನುಗ್ಗಿ ಪರೀಕ್ಷೆ ಮಾಡ್ತಾನೆ. ನನ್ನ ಲೆಕ್ಕದ ಕಂಪ್ಯೂಟರ್ ತಂಕ ಬಂದ್ನೋ, ನೀವು ಗಂಟುಮೂಟೆ ಕಟ್ರಿ. ಬರ್ಲಿಲ್ವೋ, ವರ್ಷಾನುಗಟ್ಟಲೆ ಕೆಲಸ ನಿಮ್ದೇ."

ರೊಪ್ಪದ ಪಾಠ

ಮಿಲ್ಲಿನ ಗುಮಾಸ್ತರು ಕುರಿ ಕಾಯುವ, ರಾತ್ರಿ ಅವನ್ನು ರೊಪ್ಪದಲ್ಲಿ ಕೂಡುವ ಮನೆತನದವರು. ಅವರಿಗೆ ಹೇಳಿದೆ: "ಇಷ್ಟು ದಿನ ಕಂಪ್ಯೂಟರೆಲ್ಲ ಒಂದೇ ರೊಪ್ಪದಲ್ಲಿದ್ವು. ತೋಳ ಒಂದ್ಸಲ ಬೇಲಿ ಹಾರಿದ್ರೆ ಮಂದೆಯೇ ಖಾಲಿ. ಈಗ ಒಂದೊಂದಕ್ಕೂ ಬೇರೆ ಬೇರೆ ರೊಪ್ಪ. ಬಾಗಿಲಲ್ಲಿ ಪ್ರತಿಸಲ ಯಾರು ಅಂತ ಕೇಳುತ್ತೆ."

ಗುಮಾಸ್ತರು ತಲೆದೂಗಿ, ಮಾಲೀಕರ ಕೋಣೆಯತ್ತ ಕಣ್ಣು ಹೊರಳಿಸಿ ಪಿಸುಗುಟ್ಟಿದರು: "ಹಾಯೋ ಟಗರನ್ನ ಯಾವ ರೊಪ್ಪಕ್ಕೆ ಹಾಕಿದ್ರಿ?"

ಊಟಕ್ಕೆ ಪಾಸ್‌ವರ್ಡ್ ಬೇಡ

ಮಿಲ್ಲಿನದೊಂದು ಡಿಪೋ ಮೊಳಕಾಲ್ಮೂರಿನಲ್ಲಿದೆ. ಅದನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಪಾಸ್‌ವರ್ಡನ್ನು ಬಂದವರಿಗೆಲ್ಲ ಮಜ್ಜಿಗೆಯಂತೆ ಹಂಚುತ್ತಿದ್ದರು. "ಎಲ್ಲಾ ನಮ್ಮೋರೇ ಅಲ್ವೇನ್ರಿ?"

ಅರ್ಧ ದಿನ ಕೂತು, ಇನ್ನುಮೇಲೆ ಯಾರನ್ನೂ ನಂಬಬೇಡಿ ಎಂದು ಬುದ್ಧಿ ಹೇಳಿ ಬಂದೆ. ಮಾರನೇ ದಿನ ರಿಪೇರಿಗೆ ಹೋದರೆ ಬಾಗಿಲಿಗೇ ಅಡ್ಡ ನಿಂತು, ನೀವ್ಯಾರೆಂದು ತೆಲುಗಿನಲ್ಲಿ ಕೇಳಿದರು. "ಮೀರೆವರು?"

"ನಾನೇ ಸಾರ್, ನಿನ್ನೆ ಹೇಳಿಕೊಟ್ಟೋನು!"

"ಅದಕ್ಕೇ ಅನುಮಾನ. ಕಂಪ್ಯೂಟರ್ ಮುಟ್ಬೇಡ್ರಿ. ಊಟಕ್ಕೆ ಬರ್ರಿ, ಅದಕ್ಕೆ ಪಾಸ್‌ವರ್ಡ್ ಬೇಡ."

ಉಂಡು ಬಂದೆ. ರಿಪೇರಿ ಇನ್ನೂ ಬಾಕಿ ಇದೆ.

ಸಾರಿನ ಪರೀಕ್ಷೆ

ಮಾಲೀಕರ ಲೆಕ್ಕದ ಕಂಪ್ಯೂಟರ್ ತೆರೆಯಬೇಕಾದರೆ ಅವರ ಮನೆಯಲ್ಲಿಟ್ಟ ಫೋನಿಗೆ ಪ್ರತಿಸಲ ಒಂದು ಹೊಸ ನಂಬರು ಬರುತ್ತದೆ. ಫೋನು ಅವರ ಹೆಂಡತಿಯ ಕೈಲಿ. "ಅಮ್ಮಾ, ಗೊತ್ತಿಲ್ಲದ ಫೋನಿಂದ ನಿಮ್ಮ ಯಜಮಾನರೇ ಕೇಳಿದ್ರೂ ಸುಮ್ಮನೆ ಕೊಡಬೇಡಿ. ಒಂದು ಪ್ರಶ್ನೆ ಹಾಕಿ ನೋಡಿ" ಎಂದು ಹೇಳಿಟ್ಟಿದ್ದೆ.

ಶುಕ್ರವಾರ ಹೊರಗಿನವನು ಬಂದ. ತೂಕದ ಕೋಣೆಯ ಕಂಪ್ಯೂಟರಿಗೇನೋ ಹೊಕ್ಕ, ಅಲ್ಲಿಂದ ಪಕ್ಕದ ರೊಪ್ಪಕ್ಕೆ ದಾರಿಯೇ ಇಲ್ಲ. ಸಂಜೆವರೆಗೆ ಒದ್ದಾಡಿ, ತನ್ನ ಫೋನನ್ನು ಮಾಲೀಕರ ಕೈಗಿಟ್ಟ. "ಗೋಡೆ ಗಟ್ಟಿ ಐತೆ. ಮನುಷ್ಯರನ್ನ ನೋಡಾಣ. ನನ್ನ ಫೋನಿಂದ ನೀವೇ ಮನೆಗೆ ಮಾಡಿ ನಂಬರ್ ಕೇಳ್ರಿ. ಕೊಟ್ರೆ ಇವ್ರು ಸೋತಂಗೆ."

ಮಾಲೀಕರು ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಮಿಲ್ಲಿನವರೆಲ್ಲ ಸುತ್ತ ನಿಂತರು.

"ನಾನೇ ಕಣೇ. ಆ ನಂಬರ್ ಹೇಳು."

"ದನಿ ಏನೋ ಅವರದ್ದೇ ಐತೆ. ಒಂದು ಕೇಳ್ತೀನಿ, ಇವತ್ತು ಬೆಳಿಗ್ಗೆ ಸಾರು ಹೆಂಗಿತ್ತು?"

ಮಾಲೀಕರು ಸುತ್ತ ನೋಡಿದರು. ಅಷ್ಟು ಜನರ ಮುಂದೆ ಮನೆ ಮರ್ಯಾದೆ ಬಿಡಲಾದೀತೇ? "ಭಾಳ ಚೆನ್ನಾಗಿತ್ತು" ಎಂದರು.

"ಮದುವೆ ಆದಾಗಿಂದ ಸಾರು ಚೆನ್ನಾಗೈತೆ ಅಂದೋರಲ್ಲ ನಮ್ಮನೆಯೋರು. ಯಾವನೋ ನೀನು ಕಳ್ಳ? ಇಡೋ ಫೋನು!"

ಹೊರಗಿನವನು ಕೈಮುಗಿದು ಲ್ಯಾಪ್‌ಟಾಪ್ ಮಡಚಿದ. ಮಾಲೀಕರು ನನ್ನನ್ನೇ ದುರುಗುಟ್ಟಿ ನೋಡಿದರು.

"ಕೆಲಸ ನಿಮ್ದೇ ಕಣ್ರಿ. ಆದ್ರೆ ಈಗ ನನ್ ಜೊತೆ ಮನೆಗೆ ಬಂದು, ಇವರೇ ನಿಮ್ಮ ಯಜಮಾನ್ರು ಅಂತ ಸಾಕ್ಷಿ ಹೇಳಿ ಹೋಗ್ರಿ."